‘ಹೋಗಿ’ ಎನ್ನಲು ಬಾರದ ಭಾವ

ನಮ್ಮ ಭಾವನ ಬಾಯಿಂದ ಕೆಟ್ಟ ಸುದ್ದಿ ಕೇಳಿದವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಹಾಗಂತ ಅವರು ಹೇಳಿಲ್ಲ ಅಂತಲ್ಲ, ಹೇಳಿದ್ದು ಕೇಳಿದವರಿಗೆ ಗೊತ್ತೇ ಆಗಿಲ್ಲ, ಅಷ್ಟೆ!

ಓದೋಕೆ ಅಂತ ಕೋಲ್ಕತ್ತಾಗೆ ಬಂದು ಡಮ್ ಡಮ್‌ನ ಅವರ ಮನೆಯಲ್ಲೇ ಠಿಕಾಣಿ ಹೂಡಿದವಳು ನಾನು, ಎಲ್ಲ ಕಣ್ಣಾರೆ ಕಂಡಿದ್ದೇನೆ. ಒಮ್ಮೆ ಅಕ್ಕ, "ಪೇಪರ್ ಯಾರೂ ಓದಲ್ಲ, ನಾಳೆಯಿಂದ ಬೇಡ ಅಂತ ಹೇಳಿ ಬನ್ನಿ" ಅಂತ ಭಾವನನ್ನು ಕೆಳಗೆ ಕಳಿಸಿದಳು. ಭಾವ ಪೇಪರಿನವನ ತಾಯಿಯ ಮಂಡಿನೋವು ವಿಚಾರಿಸಿ, ಮಗಳ ಪರೀಕ್ಷೆ ವಿಚಾರಿಸಿ, ಅರ್ಧ ಗಂಟೆ ಬಿಟ್ಟು ಮೇಲೆ ಬಂದರು. ಮಾರನೇ ದಿನದಿಂದ ಎರಡು ಪೇಪರ್ ಶುರು. ಎರಡನೆಯದು ಬಂಗಾಳಿ! ಅದರ ಒಂದಕ್ಷರ ಓದಲು ನಮ್ಮನೆಯಲ್ಲಿ ಯಾರಿಗೂ ಬಾರದು.

ಇಂಥವರ ಉದ್ಯೋಗ ಏನು ಗೊತ್ತೇ? ಗಾರ್ಡನ್ ರೀಚ್ ಕಡೆ ಒಂದು ಹಗ್ಗದ ಕಾರ್ಖಾನೆಯಲ್ಲಿ ಸಿಬ್ಬಂದಿ ಅಧಿಕಾರಿ! ಹೋದ ವರ್ಷ ಅಲ್ಲಿ ಹಗ್ಗ ಸುತ್ತಲು ಮೆಷಿನ್ ಬಂತು. ಇಷ್ಟು ಕಾಲ ಕೈಯಲ್ಲೇ ಸುತ್ತುತ್ತಿದ್ದ ಹಾಲ್ದಾರ್ ಬಾಬು ಎಂಬ ಹಿರಿಯರನ್ನು ಮನೆಗೆ ಕಳಿಸಬೇಕು. "ಬಾಧಿತರೊಂದಿಗೆ ಗೌರವಯುತವಾಗಿ ಸಂವಹನ ನಡೆಸತಕ್ಕದ್ದು" ಅಂತ ಹೆಡ್ಡಾಫೀಸಿನ ಅಪ್ಪಣೆ. ಜೊತೆಗೊಂದು ಮಾದರಿ ಪತ್ರ. ‘ಕೆಲಸದಿಂದ ತೆಗೆದಿದ್ದೇವೆ’ ಅನ್ನಬಾರದಂತೆ. ‘ಹೊಸ ಎತ್ತರಗಳಿಗಾಗಿ ಮುಕ್ತಗೊಳಿಸಿದ್ದೇವೆ’ ಅನ್ನಬೇಕಂತೆ! ಅನ್ನ ಕಿತ್ತುಕೊಳ್ಳುವುದಕ್ಕೂ ಎಷ್ಟು ಮರ್ಯಾದೆ ನೋಡಿ!

ಭಾವ ಅಕ್ಕನ ಮುಂದೆ ಅಭ್ಯಾಸ ಮಾಡಿದರು. "ನಿಮ್ಮ ಅಮೂಲ್ಯ ಸೇವೆಗೆ ನಾವು ಚಿರಋಣಿ. ಇನ್ನು ಮುಂದೆ ನೀವು ಸ್ವತಂತ್ರರು..."

"ನಿಜವಾಗ್ಲೂನಾ?" ಅಕ್ಕ ಸೌಟು ಕೆಳಗಿಟ್ಟಳು. "ಹಾಗಾದ್ರೆ ಇವತ್ತಿನ ಅಡುಗೆ ನೀವೇ ಮಾಡಿ."

ಶನಿವಾರ ಹಾಲ್ದಾರ್ ಬಾಬುವನ್ನು ಕೂರಿಸಿ, ಇಂಗ್ಲಿಷ್ ಪತ್ರವನ್ನು ಓದಿ ಹೇಳಿ, ಟೀ ಕುಡಿಸಿದ್ದಾಯಿತು. ಬೀಳ್ಕೊಡುವಾಗ ಏನನ್ನಬೇಕು? ನಮ್ಮಲ್ಲಿ ಯಾರಿಗೂ ಬರೀ ‘ಹೋಗಿ’ ಅನ್ನುವ ಹಾಗಿಲ್ಲವಲ್ಲ! ಬಂಗಾಳಿಗಳದೂ ಅದೇ ಪದ್ಧತಿ. ಭಾವ "ಆಶುನ್" ಅಂದರು, ಬನ್ನಿ ಅಂತ. ಅವರು "ಆಶ್ಚಿ" ಅಂದರು, ಬರ್ತೀನಿ ಅಂತ.

ಸೋಮವಾರ ಬಂದೇಬಿಟ್ಟರು! ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ರಸಗುಲ್ಲಾ. ‘ಹೊಸ ಎತ್ತರ’ ಅಂದರೆ ಬಡ್ತಿ ಅಂತ ತಿಳಿದು, ಆಗಲೇ ತಮ್ಮ ಕೇರಿಯಲ್ಲಿ ಮನೆಮನೆಗೂ ಸಿಹಿ ಹಂಚಿ ಬಂದಿದ್ದರಂತೆ. ಭಾವ ಏನು ಮಾಡಿದರು? ಒಂದು ರಸಗುಲ್ಲಾ ತಿಂದರು!

ಮಧ್ಯಾಹ್ನ ಅವರು ಫೋನ್ ಮಾಡಿ ಇದನ್ನು ಹೇಳಿದಾಗ ನಾನು ಬಿದ್ದು ಬಿದ್ದು ನಕ್ಕೆ. ಭಾವ ನಗಲಿಲ್ಲ. "ಊರಿಗೆಲ್ಲ ಹೇಳ್ಕೊಂಡಿದ್ದಾರಮ್ಮಾ. ಇನ್ನು ನಾನು ಯಾವ ಮುಖ ಇಟ್ಕೊಂಡು ಹೇಳ್ಲಿ?"

ಆದರೂ ಸಂಜೆ ಹಾಲ್ದಾರ್ ಬಾಬುವಿನ ಮನೆಗೇ ಹೋದರು. ಗಂಡಹೆಂಡಿರ ಎದುರು ಕೂತು, ಪತ್ರ ಗಿತ್ರ ಏನೂ ಇಲ್ಲದೆ, ತಮ್ಮ ಹರಕುಮುರುಕು ಬಂಗಾಳಿಯಲ್ಲಿ ಹೇಳಿದರಂತೆ: "ಕೆಲಸ ಹೋಯ್ತು, ದಾದಾ. ತಪ್ಪು ನಿಮ್ಮದಲ್ಲ. ಅವತ್ತೇ ನೇರವಾಗಿ ಹೇಳದೆ ಇದ್ದದ್ದು ನನ್ನ ತಪ್ಪು."

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತು ನಮಗೆ ಇಷ್ಟು ಹೇಳುವಷ್ಟರಲ್ಲಿ ಭಾವ ಅತ್ತುಬಿಟ್ಟರು. ಇಷ್ಟು ವರ್ಷ ಅವರನ್ನು ಗೇಲಿ ಮಾಡಿಕೊಂಡೇ ಬಂದವಳಿಗೆ ಅವತ್ತು ಅವರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು.

"ಅದಕ್ಕೆ ಅವರೇನಂದ್ರು?" ಅಕ್ಕ ಮೆಲ್ಲಗೆ ಕೇಳಿದಳು.

"‘ನಾನು ಒಳ್ಳೇ ಕೆಲಸಗಾರ ಅಂತ ಪತ್ರದಲ್ಲಿ ಓದಿದ್ರಲ್ಲ, ಅದೂ ಸುಳ್ಳಾ?’ ಅಂದ್ರು."

"ನೀವು?"

"ಇಲ್ಲ ದಾದಾ, ಅದರಲ್ಲಿ ನಿಜ ಅಂತ ಇದ್ದದ್ದು ಅದೊಂದೇ, ಅಂದೆ."