ಅಳಿಯಂದಿರ ವಿಮಾನ

ಅಳಿಯನ ಎದುರು ಬಾಯಿ ಬಿಗಿಹಿಡಿಯುವುದು ನಮ್ಮ ಧಾರವಾಡದ ಕಡೆಯ ಮಾವಂದಿರ ಹುಟ್ಟುಗುಣ. ನಾನು ಹೊಸ ಅಳಿಯನಾಗಿದ್ದಾಗ ಒಮ್ಮೆ ತಪ್ಪಿ ಮಾವನ ಚಪ್ಪಲಿ ಮೆಟ್ಟಿ ಹೊರಟುಬಿಟ್ಟೆ. ಪಾಪ, ಅವರು ಒಂದು ಮಾತೂ ಆಡದೆ ಬರಿಗಾಲಲ್ಲೇ ಬಸ್ಸಿನ ತನಕ ಬಂದು ಬೀಳ್ಕೊಟ್ಟರು. ಈ ಸಂಸ್ಕಾರ ನೆಲದ ಮೇಲೆ ಚೆಂದ. ಮೂರು ಸಾವಿರ ಅಡಿ ಮೇಲೆ ಹೇಗಿರುತ್ತದೆ ಎಂದು ಹಿರಿಯರು ಯಾರೂ ಹೇಳಿರಲಿಲ್ಲ.

ನಾವೀಗ ನೆಲೆಸಿರುವ ಮರಾಠಿ ಊರಿನಲ್ಲೇ ನಿಗಡಿಯಲ್ಲಿರುವ ನನ್ನ ಅಳಿಯಂದಿರು ವಿನಾಯಕರಾವ್, ಹವ್ಯಾಸಕ್ಕೆಂದು ವಿಮಾನ ಹಾರಿಸುವ ಲೈಸೆನ್ಸು ಪಡೆದವರು. ಹೋದ ತಿಂಗಳು ತಮ್ಮ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನದಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೋಣಾವಳಾ ಕಡೆ ಹಾರಿದರು. ಕೆಳಗೆ ಮಳೆ ಮುಗಿದ ಬೆಟ್ಟಗಳು. ಕೆರೆಯೊಂದರ ಮೇಲೆ ನಮ್ಮದೇ ನೆರಳು ಮೀನಿನ ಹಾಗೆ ಈಜುತ್ತಿತ್ತು. ಅದನ್ನೇ ನೋಡುತ್ತ ನೋಡುತ್ತ ಕಣ್ಣೆತ್ತಿದರೆ, ಎದುರಿನ ಮೀಟರುಗಳಲ್ಲಿ ಒಂದರ ಮುಳ್ಳು ಕೆಂಪು ಗೆರೆಗೆ ಇಳಿದಿತ್ತು. ಅದರ ಮೇಲೆ 'ಆಯಿಲ್' ಎಂದು ಬರೆದಿತ್ತು. ಬಿ.ಎಸ್ಸಿ. ಓದಿದವನು, ಅಷ್ಟು ತಿಳಿಯದೆ ಇರಲಿಲ್ಲ. ಕೇಳಬೇಕೆಂದು ಬಾಯಿ ತೆರೆದೆ. ಆದರೆ ಅಳಿಯಂದಿರ ಕೆಲಸದಲ್ಲಿ ಹುಳುಕು ತೋರಿಸುವುದೆ? ಬಾಯಿ ಮುಚ್ಚಿ ಮತ್ತೆ ಮೀನು ನೋಡಿದೆ.

ಐದು ನಿಮಿಷಕ್ಕೆ ಎಂಜಿನ್ನು ಖಟಖಟ ಕೆಮ್ಮಿ ನಿಂತಿತು.

ಆ ನಿಶ್ಶಬ್ದ ಈಗಲೂ ನಮ್ಮ ಬಡಾವಣೆ ಬಿಬವೇವಾಡಿಯ ಮಾರುಕಟ್ಟೆಯ ಗದ್ದಲದಲ್ಲಿ ಬದನೆಕಾಯಿ ಆರಿಸುವಾಗ ಬಂದು ಕಿವಿ ತುಂಬುತ್ತದೆ. ಮುಂದಿನ ಪಂಖ ಸುಮ್ಮನೆ ನಿಂತಿತ್ತು. ರೆಕ್ಕೆ ಸವರುವ ಗಾಳಿಯ ಸುಯ್ಯೆಂಬ ಸದ್ದು ಮಾತ್ರ. ಬೀಳುತ್ತಿದ್ದೇವೆ ಎನ್ನಿಸಲೇ ಇಲ್ಲ. ಭೂಮಿಯೇ ಯಾವುದೋ ಹಳೆಯ ನೆನಪಿನಂತೆ ಮೆಲ್ಲಗೆ ಮೇಲೇರಿ ಬರುತ್ತಿತ್ತು, ಎಮ್ಮೆಗಳ ಸಮೇತ.

"ಮಾಮಾ, ಬೆಲ್ಟ್ ಬಿಗಿ ಮಾಡ್ಕೋರಿ," ಎಂದರು ಅಳಿಯಂದಿರು.

"ಆತ್ರಿ," ಎಂದೆ.

ಮಾರಾಟಕ್ಕೆಂದು ಸಮ ಮಾಡಿಟ್ಟ ಪ್ಲಾಟುಗಳ ಬಯಲಿನಲ್ಲಿ ವಿಮಾನ ಎರಡು ಸಲ ಕುಪ್ಪಳಿಸಿ, ನಾಲ್ಕು ಗಡಿಕಲ್ಲು ಕಿತ್ತು, ನಿಂತಿತು. ಏಜೆಂಟನೊಬ್ಬ ಛತ್ರಿ ಹಿಡಿದು ಓಡಿಬಂದ. "ಪ್ಲಾಟ್ ಬಘಾಯಲಾ ಆಲಾತ್ ಕಾ, ಸಾಹೇಬ?" ಎಂದು ಮರಾಠಿಯಲ್ಲಿ ಕೇಳಿದ. ಪ್ಲಾಟು ನೋಡಲು ಇಷ್ಟು ಅವಸರದಿಂದ ಅಲ್ಲಿಗೆ ಯಾರೂ ಬಂದಿರಲಿಲ್ಲವಂತೆ.

ಮನೆಯಲ್ಲಿ ಅಳಿಯಂದಿರಿಗೆ ಆರತಿ ಎತ್ತಿದ್ದಾಯಿತು. "ಅವ್ರ ಕೈಯಾಗ ಇದ್ರಿ ಅಂತ ಉಳದ್ರಿ ನೋಡ್ರಿ," ಎಂದಳು ನನ್ನ ಹೆಂಡತಿ. ನನಗೆ ಮಾತ್ರ ಊಟ ಸೇರದು. ಮಗಳ ಗಂಡನನ್ನು ನನ್ನ ಸೌಜನ್ಯವೇ ಕೊಂದುಬಿಡುತ್ತಿತ್ತಲ್ಲ! ಕೊನೆಗೆ ಒಂದು ಭಾನುವಾರ ಅವರು ತಿಂಡಿಗೆ ಬಂದಾಗ ಧೈರ್ಯ ಮಾಡಿ ಒಪ್ಪಿಕೊಂಡೆ: "ಆ ಮುಳ್ಳು ಇಳದದ್ದು ನಾ ಮೊದಲ ನೋಡಿದ್ದೆರಿ. ಹೇಳ್ಲಿಲ್ಲ. ತಪ್ಪಾತು."

ಅಳಿಯಂದಿರು ತಲೆ ತಗ್ಗಿಸಿದರು. "ನಾನೂ ನೋಡಿದ್ದೆ, ಮಾಮಾ. ತಿರುಗಿಸಬೇಕು ಅಂದ್ಕೊಂಡೆ. ಆದ್ರ ನೀವು ಕೆರಿ ನೋಡ್ಕೋತ ಭಾಳ ಖುಷಿಲೆ ಇದ್ರಿ. ಹಿರೇರಿಗೆ 'ಸಾಕು ನಡೀರಿ' ಅಂತ ಹೆಂಗ ಹೇಳೂದು?"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಬ್ಬ ಮುದುಕನ ಖುಷಿಗೆಂದು ಇಬ್ಬರ ಜೀವ ಪಣಕ್ಕಿಡುವುದೆ! ಎರಡು ಮಾತು ಖಡಾಖಂಡಿತ ಹೇಳಿಯೇ ಬಿಡಬೇಕೆಂದು ಎದ್ದು ನಿಂತೆ.

"ಇನ್ನೊಂದು ಚೂರು ಅವಲಕ್ಕಿ ಹಾಕ್ಲೇನ್ರಿ?" ಎಂದೆ.