ದನದ ಆಸ್ಪತ್ರೆಗೆ ಬಂದ ಮನುಷ್ಯರು

ದನದ ಆಸ್ಪತ್ರೆಯ ಕಾಂಪೌಂಡರನ ಹತ್ತಿರ ಮನುಷ್ಯರು ಯಾಕೆ ಕಷ್ಟ ಹೇಳಿಕೊಳ್ಳಲು ಬರುತ್ತಾರೆ ಎಂದು ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಕೇಳಿದ್ದಳು. ನಾನು ರಿಟೈರಾಗುವವರೆಗೂ ಅವರು ಬರುವುದು ನಿಲ್ಲಲಿಲ್ಲ. ಮದರಾಸು ಸರಕಾರದ ಕಾಲದಲ್ಲಿ ಕೆಲಸಕ್ಕೆ ಸೇರಿದವನು ನಾನು. ಮಧ್ಯದಲ್ಲಿ ಸರಕಾರ ಮೈಸೂರಿನದ್ದಾಯಿತು, ಪುತ್ತೂರು, ಸುಳ್ಯ, ಕಡಬ ಎಂದು ನನಗೂ ವರ್ಗವಾಗುತ್ತಾ ಹೋಯಿತು. ಹೋದಲ್ಲೆಲ್ಲ ಇದೇ ಕತೆ. ಊರವರ ಬಾಯಲ್ಲಿ ಕಾಂಪೌಂಡರನೂ ಡಾಕ್ಟ್ರೇ.

ಈಗ ಪೇಟೆಗಳಲ್ಲಿ ಮಾತಾಡಿಸಿಯೇ ಗುಣ ಮಾಡುವವರು ಬೋರ್ಡು ಹಾಕಿಕೊಂಡು ಕೂರುತ್ತಾರಂತೆ. ಆಗ ಹಾಗೆಲ್ಲ ಇರಲಿಲ್ಲ. ಮನಸ್ಸು ಸರಿಯಿಲ್ಲ ಎಂದು ಮನುಷ್ಯರ ಡಾಕ್ಟರಲ್ಲಿಗೆ ಹೋದರೆ ದಾರಿಯುದ್ದಕ್ಕೂ ಹತ್ತು ಮಂದಿ ಎಂತ ಆಯಿತು ಎಂದು ಕೇಳುತ್ತಿದ್ದರು. ಕೈಯಲ್ಲೊಂದು ಹಗ್ಗ, ಹಗ್ಗದ ತುದಿಯಲ್ಲೊಂದು ದನ ಇದ್ದರೆ ಕೇಳುವವರು ದನಕ್ಕೆ ಎಂತ ಆಯಿತು ಎಂದು ಕೇಳುತ್ತಾರೆ. ಮರ್ಯಾದೆಗೆ ಕುಂದಿಲ್ಲ.

ಎತ್ತಿನ ನಿಟ್ಟುಸಿರು

ಗುತ್ತಿಗಾರಿನ ಕಡೆಯ ಒಬ್ಬ ಕೃಷಿಕರು ಎತ್ತು ನಡೆಸಿಕೊಂಡು ಬಂದರು. ಎತ್ತಿಗೆ ಯಾವುದೂ ರುಚಿಸುವುದಿಲ್ಲವಂತೆ, ಸಂಜೆಯಾದರೆ ನಿಟ್ಟುಸಿರು ಬಿಡುತ್ತದಂತೆ, ಯಾರೊಟ್ಟಿಗೂ ಸೇರುವುದಿಲ್ಲವಂತೆ. ಅವರು ಇಷ್ಟು ಹೇಳಿ ಮುಗಿಸುವಾಗ ಎತ್ತು ನಮ್ಮ ಅಂಗಳದ ಹುಲ್ಲನ್ನೆಲ್ಲ ಮುಗಿಸಿ ಅಂಗಳ ಗುಡಿಸಿ ಗೋಡೆಗೆ ಒರಗಿಸಿಟ್ಟ ಹಿಡಿಸೂಡಿಗೆ ಬಾಯಿ ಹಾಕಿತ್ತು.

ಹಿಡಿಸೂಡಿ ಬಿಡಿಸಿಕೊಂಡು ನಾಲಗೆ ನೋಡಿದೆ, ಹೊಟ್ಟೆ ಒತ್ತಿದೆ, ಜ್ವರ ನೋಡಿದೆ. ಎಲ್ಲ ಸರಿಯಿತ್ತು. ಯಾವಾಗಿನಿಂದ ಹೀಗೆ ಎಂದು ಕೇಳಿದೆ.

"ಅಣ್ಣ ಪಾಲಾಗಿ ಬೇರೆ ಹೋದ ಮೇಲೆ" ಎಂದರು.

ಎತ್ತಿಗೆ ಅಣ್ಣ ಇದ್ದಾನೆಯೇ ಎಂದು ನಾನು ಕೇಳಲಿಲ್ಲ. ಅಣ್ಣ ಮನೆಯಲ್ಲಿದ್ದಾಗ ಎತ್ತು ಹೇಗಿತ್ತು ಎಂದು ಕೇಳಿದೆ. ಅವರು ಜಗಲಿಯಲ್ಲಿ ಕುಳಿತುಬಿಟ್ಟರು. ನಲವತ್ತು ವರ್ಷ ಇಬ್ಬರೂ ಒಟ್ಟಿಗೇ ಊಟಕ್ಕೆ ಕುಳಿತವರಂತೆ. ಈಗ ಅಣ್ಣನ ಮನೆ ಗುಡ್ಡೆಯ ಆಚೆ. ಒಲೆಯ ಹೊಗೆ ಕಾಣುತ್ತದೆ, ಅಣ್ಣ ಕಾಣುವುದಿಲ್ಲ. ಜಗಳ ಏನೂ ಇಲ್ಲ, ಆದರೆ ಸುಮ್ಮಸುಮ್ಮನೆ ಹೋಗಲು ಒಂದು ಕಾರಣ ಬೇಡವೇ. ಹೀಗೆ ಒಂದು ಗಂಟೆ ಎತ್ತಿನ ಕಷ್ಟವನ್ನು ಹೇಳಿಕೊಂಡರು.

ನಾನು ಹಸಿವೆಯ ಪುಡಿ ಕಟ್ಟಿಕೊಟ್ಟು, ಎತ್ತನ್ನು ವಾರಕ್ಕೊಮ್ಮೆ ಗುಡ್ಡೆಯ ಆಚೆಗೆ ನಡೆಸಬೇಕು, ಹೋದಲ್ಲಿ ಅದಕ್ಕೆ ಒಂದು ಗಂಟೆಯ ವಿಶ್ರಾಂತಿ ಬೇಕು, ಇದು ಚಿಕಿತ್ಸೆ, ತಪ್ಪಿಸಬಾರದು ಎಂದೆ. ಗುಡ್ಡೆಯ ಆಚೆ ಯಾರ ಮನೆ ಉಂಟು ಎಂಬ ಮಾತನ್ನು ನಾವಿಬ್ಬರೂ ಎತ್ತಲಿಲ್ಲ.

ಎರಡು ತಿಂಗಳ ನಂತರ ಸಂತೆಯಲ್ಲಿ ಸಿಕ್ಕಿದರು. ಅಣ್ಣನೂ ಜೊತೆಗಿದ್ದರು. ಎತ್ತು ಈಗ ಹೇಗುಂಟು ಎಂದು ವಿಚಾರಿಸಿದೆ.

"ಎತ್ತಿಗೆ ಎಂತ ಆಗಿತ್ತು ಡಾಕ್ಟ್ರೇ?" ಎಂದು ಅವರು ಗಾಬರಿಯಿಂದ ಕೇಳಿದರು.

ನಾಲ್ವರು ವೈದ್ಯರು, ಒಂದು ದನ

ಕಡಬದಲ್ಲಿದ್ದಾಗ ಒಬ್ಬ ದೊಡ್ಡ ಮನೆಯ ಯಜಮಾನಿಯ ದನ ಹಾಲು ಕಡಿಮೆ ಮಾಡಿತು. ಯಜಮಾನಿಗೆ ಅದೇ ಚಿಂತೆಯಾಗಿ ಎದೆ ಹೊಡೆದುಕೊಳ್ಳಲು ಶುರುವಾಯಿತು. ಅವರು ಯಾರನ್ನೂ ನೋಯಿಸುವವರಲ್ಲ, ಆದ್ದರಿಂದ ಎಲ್ಲರನ್ನೂ ಕೇಳಿದ್ದರು. ಜೋಯಿಸರು ದನವನ್ನು ಪೂರ್ವಕ್ಕೆ ಮುಖ ಮಾಡಿ ಕಟ್ಟಲು ಹೇಳಿದ್ದರು. ದೈವದ ನುಡಿಯಲ್ಲಿ ಮನೆಯ ಕಡೆಗೆ ಮುಖ ಮಾಡಿ ಕಟ್ಟಬೇಕೆಂದು ಬಂದಿತ್ತು, ಮನೆ ಇದ್ದದ್ದು ಪಶ್ಚಿಮಕ್ಕೆ. ಪಂಡಿತರ ಕಷಾಯ ಕುಡಿಸಿದ ಮೇಲೆ ಆರು ಗಂಟೆ ಬೇರೆ ಮದ್ದು ಮುಟ್ಟಿಸುವಂತಿರಲಿಲ್ಲ. ನನ್ನ ಪುಡಿಯನ್ನು ನಾಲ್ಕು ಗಂಟೆಗೊಮ್ಮೆ ಕೊಡಬೇಕಿತ್ತು.

"ಇದರಲ್ಲಿ ಯಾರನ್ನು ಬಿಡುದು ಡಾಕ್ಟ್ರೇ?" ಎಂದು ಕೇಳಿದರು. ಕಣ್ಣಲ್ಲಿ ನೀರಿತ್ತು.

ನನಗೆ ಪಾಪ ಅನಿಸಿತು. ಯಾರನ್ನೂ ಬಿಡುವುದು ಬೇಡ ಎಂದು ಒಂದು ಕಾಗದ ತೆಗೆದುಕೊಂಡು ಬರೆದೆ. ಮಧ್ಯಾಹ್ನದವರೆಗೆ ಪೂರ್ವ, ಆಮೇಲೆ ಪಶ್ಚಿಮ. ಪುಡಿಯನ್ನು ಕಷಾಯದಲ್ಲೇ ಕಲಸುವುದು. ಇದಕ್ಕೆ ಪಂಡಿತರ ಒಪ್ಪಿಗೆ ಬೇಕಿತ್ತು, ನನಗೂ ಅವರಿಗೂ ಅಷ್ಟಕ್ಕಷ್ಟೆ. ಆದರೂ ಅವರ ಮನೆಗೆ ನಡೆದುಕೊಂಡು ಹೋಗಿ ಕೇಳಿದೆ. ನನ್ನ ಪುಡಿಯಲ್ಲಿ ಗುಣವೂ ಇಲ್ಲ ದೋಷವೂ ಇಲ್ಲ, ಧಾರಾಳವಾಗಿ ಕಲಸಬಹುದು ಎಂದು ಅವರು ದೊಡ್ಡ ಮನಸ್ಸು ಮಾಡಿ ಹೇಳಿದರು.

ಹದಿನೈದು ದಿನದಲ್ಲಿ ಹಾಲು ಮೊದಲಿನಂತಾಯಿತು. ನಾವು ನಾಲ್ವರೂ ಅದು ತಂತಮ್ಮಿಂದಲೇ ಆದದ್ದು ಎಂದುಕೊಂಡೆವು. ಎದೆ ಹೊಡೆದುಕೊಳ್ಳುವುದು ಹೇಗುಂಟು ಎಂದು ಯಜಮಾನಿಯನ್ನು ಕೇಳಿದೆ.

"ಅದಕ್ಕೆ ನನಗೆ ಪುರುಸೊತ್ತು ಎಲ್ಲಿ ಉಂಟು? ದನವನ್ನು ತಿರುಗಿಸಿ ಕಟ್ಟುದರಲ್ಲೇ ದಿನ ಹೋಗ್ತದೆ" ಎಂದರು.

ಹಲಸಿನ ಮರದ ಕೆಳಗೆ

ಮಂಡೆಕೋಲಿನ ಆಚೆ, ಗಡಿಯ ಹತ್ತಿರದ ಒಬ್ಬರು ಕರು ತಂದಿದ್ದರು. ನನ್ನ ಮೇಜಿನೆದುರು ಕೈಕಟ್ಟಿ ನಿಂತು, ಅರ್ಜಿ ಓದಿದ ಹಾಗೆ, ತಮಗೆ ಕೌಟುಂಬಿಕ ತೊಂದರೆಗಳು ಉಂಟಾಗಿರುತ್ತವೆ ಎಂದರು. ಹೀಗೆ ಹೇಳಿದರೆ ಸರಕಾರಕ್ಕೆ ಅರ್ಥವಾಗಬಹುದು, ನನಗೆ ಏನೂ ತಿಳಿಯಲಿಲ್ಲ. ಕುರ್ಚಿ ಬಿಟ್ಟು ಅವರನ್ನು ಹೊರಗೆ ಹಲಸಿನ ಮರದ ಬುಡಕ್ಕೆ ಕರೆದುಕೊಂಡು ಹೋದೆ. ವೀಳ್ಯದೆಲೆ ಕೊಟ್ಟು, ಮನೆಯಲ್ಲಿ ಮಾತಾಡುವ ಹಾಗೆಯೇ ಹೇಳಿ ಎಂದೆ.

ಅವರು ಮಲೆಯಾಳದಲ್ಲಿ ಶುರುಮಾಡಿದರು. ಒಂದೂವರೆ ಗಂಟೆ ಹೇಳಿದರು. ಮಧ್ಯೆ ಎರಡು ಸಲ ಅತ್ತರು, ಒಂದು ಸಲ ಯಾರಿಗೋ ಬೈದರು. ನಾನು ಪುತ್ತೂರಿನ ಪೇಟೆಯಲ್ಲಿ ಹುಟ್ಟಿದವನು. ತುಳು ಬರುತ್ತದೆ, ಕನ್ನಡ ಬರುತ್ತದೆ, ಮಲೆಯಾಳದಲ್ಲಿ ಅನ್ನ, ನೀರು ಮತ್ತು ಹೋಗಿ ಬರುತ್ತೇನೆ ಎಂಬುದು ಮಾತ್ರ ಗೊತ್ತಿತ್ತು. ಅವರು ಅತ್ತಾಗ ತಲೆ ತಗ್ಗಿಸಿದೆ, ಬೈದಾಗ ತಲೆ ಆಡಿಸಿದೆ. ಅಷ್ಟು ಹೊತ್ತಿನ ಮಾತನ್ನು ತಡೆಯಲು ನನಗೆ ಮನಸ್ಸು ಬರಲಿಲ್ಲ.

ಕೊನೆಗೆ ಅವರು ಮುಖ ಒರೆಸಿಕೊಂಡು ಎದ್ದು ನನ್ನ ಕೈ ಹಿಡಿದು ಕನ್ನಡದಲ್ಲಿ ಹೇಳಿದರು: "ನಾನು ಹೇಳಿದ್ದು ಇಷ್ಟು ಸರಿಯಾಗಿ ಅರ್ಥವಾದದ್ದು ನಿಮಗೆ ಒಬ್ಬರಿಗೇ."

ಮಾತು ಬಿಟ್ಟ ವಾರ

ಒಮ್ಮೆ ಹೊಸ ವೈದ್ಯಾಧಿಕಾರಿ ಬಂದರು. ಚಿಕ್ಕ ಪ್ರಾಯ, ದೊಡ್ಡ ಓದು. ನನ್ನ ಹತ್ತಿರ ಇಷ್ಟು ಜನ ಇಷ್ಟು ಹೊತ್ತು ಯಾಕೆ ಕೂರುತ್ತಾರೆ ಎಂದು ಕೇಳಿದರು. ಇನ್ನು ಮುಂದೆ ಮೂರೇ ಪ್ರಶ್ನೆ: ಏನು ರೋಗ, ಎಷ್ಟು ದಿನ, ಮೇವು ತಿನ್ನುತ್ತದೋ ಇಲ್ಲವೋ. ನಾಲ್ಕನೆಯ ಪ್ರಶ್ನೆ ಕೇಳಿದರೆ ಬೇರೆ ಊರು ನೋಡಿಕೊಳ್ಳಬೇಕಾಗುತ್ತದೆ ಎಂದರು.

ನನಗೆ ವಿಪರೀತ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಒಂದು ವಾರ ಮೂರೇ ಪ್ರಶ್ನೆ ಕೇಳಿದೆ. ನಾಲ್ಕನೆಯ ದಿನದಿಂದ ದನಗಳು ಬರುವುದು ಕಡಿಮೆಯಾಯಿತು. ಭಾನುವಾರ ಬೆಳಿಗ್ಗೆ ನೋಡುತ್ತೇನೆ, ನನ್ನ ಮನೆಯ ಜಗಲಿಯಲ್ಲಿ ಹನ್ನೊಂದು ಮಂದಿ. ಒಬ್ಬರ ಕೈಯಲ್ಲಿ ಸೌತೆಕಾಯಿ, ಒಬ್ಬರ ಕೈಯಲ್ಲಿ ಬಾಳೆಗೊನೆ. ಡಾಕ್ಟ್ರು ಮಾತು ಬಿಟ್ಟಿದ್ದಾರೆ, ಮನೆಯಲ್ಲಿ ಏನೋ ಆಗಬಾರದ್ದು ಆಗಿದೆ ಎಂದು ಸುದ್ದಿಯಾಗಿತ್ತಂತೆ.

ಏನೂ ಆಗಿಲ್ಲ ಎಂದೆ. ಹಾಗೆ ಹೇಳಿದ್ದೇ ತಪ್ಪಾಯಿತು. ದುಃಖ ಇರುವವರು ಮೊದಲು ಹೇಳುವುದು ಹಾಗೆಯೇ ಎಂದು ಅವರಿಗೆಲ್ಲ ಗೊತ್ತಿತ್ತು, ನನ್ನನ್ನು ನೋಡಿಯೇ ಕಲಿತದ್ದು. ಅವಸರ ಇಲ್ಲ, ನಿಧಾನ ಹೇಳಿ ಎಂದು ಒಬ್ಬರು ವೀಳ್ಯದೆಲೆ ಮುಂದೆ ಸರಿಸಿದರು. ನನ್ನ ಹೆಂಡತಿ ಎರಡು ಸಲ ಬೆಲ್ಲ ನೀರು ತಂದಿಟ್ಟಳು. ಅಷ್ಟು ದೂರ ನಡೆದು ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ ಎಂದು, ನಾನು ಡಾಕ್ಟರಿಕೆ ಓದಬೇಕೆಂದಿದ್ದೆ, ಅಪ್ಪ ತೀರಿಕೊಂಡು ಓದು ನಿಂತಿತು ಎಂದು ಹೇಳಿದೆ. ಸುಳ್ಳಲ್ಲ, ಆದರೆ ನಾನದನ್ನು ಮರೆತೇ ಬಿಟ್ಟಿದ್ದೆ. ಹನ್ನೊಂದು ಮಂದಿಯೂ ತಲೆ ತಗ್ಗಿಸಿ ಕೇಳಿದರು.

ಅವರು ಸಮಾಧಾನ ಹೇಳಿ ಹಗುರಾಗಿ ಹೋದರು. ನಾನು ಸಂಜೆಯವರೆಗೆ ಅತ್ತೆ.

ಎಮ್ಮೆಯ ಜಾಗ

ಕೊಲ್ಲಮೊಗ್ರಿನಲ್ಲಿ ಒಂದು ಮುದಿ ಎಮ್ಮೆಗೆ ಕಾಯಿಲೆಯಾಗಿದೆ ಎಂದು ಹೇಳಿ ಕಳಿಸಿದ್ದರು. ಹೋದೆ. ಮನೆಯಲ್ಲಿ ಗಂಡ, ಹೆಂಡತಿ, ಇಬ್ಬರೇ. ನಾನು ಹಟ್ಟಿಯಲ್ಲಿ ಎಮ್ಮೆಯ ಹೊಟ್ಟೆ ಒತ್ತಿ ನೋಡುತ್ತಿರುವಾಗ ಹೆಂಡತಿ ಬಂದು ಎಮ್ಮೆಯ ಕಿವಿಯ ಹತ್ತಿರ ನಿಂತು, ಡಾಕ್ಟ್ರಿಗೆ ಕಾಫಿ ಆಗಿದೆ, ಮಣೆ ಹಾಕಲು ಹೇಳು ಎಂದರು. ಎರಡು ಮಾರು ಆಚೆ ನಿಂತಿದ್ದ ಗಂಡ, ಸಕ್ಕರೆಯಾ ಬೆಲ್ಲವಾ ಎಂದು ಎಮ್ಮೆಯನ್ನು ಕೇಳಿದರು. ಬೆಲ್ಲ ಎಂದು ಎಮ್ಮೆಗೆ ಉತ್ತರ ಬಂತು.

ಆರು ವರ್ಷದಿಂದ ಗಂಡಹೆಂಡಿರ ಮಾತುಕತೆ ಎಮ್ಮೆಯ ಮೂಲಕವೇ ನಡೆಯುತ್ತಿತ್ತು. ಬೀಜ ಬಿತ್ತುವುದು, ನೆಂಟರ ಮನೆಯ ಮದುವೆ, ಒಲೆಯ ಸೌದೆ, ಎಲ್ಲವನ್ನೂ ಎಮ್ಮೆಗೆ ಹೇಳುವುದು, ಇನ್ನೊಬ್ಬರು ಕೇಳಿಸಿಕೊಳ್ಳುವುದು. ಹೊರಡುವಾಗ ಹೆಂಡತಿ ನನ್ನ ಹಿಂದೆಯೇ ಬಂದು, ಹೇಗಾದರೂ ಉಳಿಸಿ ಕೊಡಿ, ಇದು ಹೋದರೆ ಈ ಮನೆಯಲ್ಲಿ ಮಾತೇ ಇಲ್ಲ ಎಂದರು. ಬೇಲಿ ದಾಟುವ ದಣಪೆಯ ಹತ್ತಿರ ಗಂಡ ಕಾದು ನಿಂತಿದ್ದರು. ಅವರು ಹೇಳಿದ್ದೂ ಅದನ್ನೇ.

ನನಗೆ ಗೊತ್ತಿದ್ದ ಮದ್ದನ್ನೆಲ್ಲ ಮಾಡಿದೆ. ಕಡಬದ ಪಂಡಿತರ ಕಷಾಯವನ್ನೂ ತರಿಸಿದೆ. ಅದಕ್ಕೆ ಪ್ರಾಯವಾಗಿತ್ತು, ಎರಡು ವಾರದಲ್ಲಿ ಸತ್ತಿತು.

ಒಂದು ತಿಂಗಳ ನಂತರ ಇಬ್ಬರೂ ಆಸ್ಪತ್ರೆಗೆ ಬಂದರು. ಹಗ್ಗವೂ ಇಲ್ಲ, ದನವೂ ಇಲ್ಲ. ನನ್ನ ಸರ್ವಿಸಿನಲ್ಲಿ ಹಾಗೆ ಬರಿಗೈಯಲ್ಲಿ ಬಂದವರು ಅವರೇ ಮೊದಲು. ಬೆಂಚಿನ ಎರಡು ತುದಿಯಲ್ಲಿ ಕುಳಿತರು. ಇಬ್ಬರೂ ಬಡಕಲಾಗಿದ್ದರು. ಬೇರೆ ಎಮ್ಮೆ ಇಲ್ಲವೇ ಎಂದು ಕೇಳಿದೆ. ಇನ್ನೂ ಕರು ಹಾಕದ ಒಂದು ಎಳೆಯ ಗಡಸು ತಂದಿದ್ದಾರಂತೆ, ಅದು ನಿಂತು ಕೇಳುವುದಿಲ್ಲವಂತೆ. ನಾಯಿಯ ಹತ್ತಿರವೂ ಪ್ರಯತ್ನ ಮಾಡಿದರಂತೆ, ಮಾತು ಅರ್ಧವಾಗುವಾಗ ಅದು ಎದ್ದು ಹೋಗುತ್ತದಂತೆ.

ಇಷ್ಟು ವರ್ಷ ಮನುಷ್ಯರ ಕಷ್ಟ ಕೇಳಿದ ನನಗೆ ಆಗ ಸ್ವಲ್ಪ ಅಹಂಕಾರವೂ ಇತ್ತು. ಅದಕ್ಕೆಂತ, ನನಗೆ ಹೇಳಿ, ನಾನು ಅವರಿಗೆ ಮುಟ್ಟಿಸುತ್ತೇನೆ ಎಂದು ಇಬ್ಬರ ನಡುವೆ ಕುರ್ಚಿ ಎಳೆದುಕೊಂಡು ಕುಳಿತೆ.

ಹೆಂಡತಿ ನನ್ನ ಮುಖ ನೋಡಿ, ಮಗಳ ಮದುವೆಯ ದಿವಸದ್ದು ಕೇಳಿ ಅವರ ಹತ್ತಿರ ಎಂದರು. ನಾನು ತಕ್ಷಣ ಗಂಡನ ಕಡೆ ತಿರುಗಿ, ನೋಡಿ, ಹೆಂಗಸರ ಮನಸ್ಸು ಮೃದು, ಹಳೆಯ ನೋವು ಬೇಗ ಮಾಸುವುದಿಲ್ಲ, ನೀವು ಸ್ವಲ್ಪ ತಗ್ಗಿ ನಡೆದರೆ ಎಂದು ಚೆನ್ನಾಗಿಯೇ ಶುರುಮಾಡಿದೆ.

"ತಪ್ಪು ತಿಳ್ಕೊಳ್ಬೇಡಿ ಡಾಕ್ಟ್ರೇ" ಎಂದರು ಹೆಂಡತಿ. "ಎಮ್ಮೆ ನಡುವಿನಲ್ಲಿ ಮಾತಾಡ್ತಿರಲಿಲ್ಲ."

ನಾನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡೆ.

ಅವರು ಮುಂದುವರಿಸಿದರು. ಮಗಳನ್ನು ಕಳಿಸಿಕೊಡುವಾಗ ಅಳು ತಡೆಯಲಿಲ್ಲವಂತೆ. ಅಷ್ಟು ಜನರ ಎದುರು ಗಂಡ, ಸಾಕು ನಿಲ್ಲಿಸು ಎಂದರಂತೆ. "ನಿಲ್ಲಿಸಿದೆ ಅಂತ ಹೇಳಿ. ಅಳುದನ್ನೂ ನಿಲ್ಲಿಸಿದೆ, ಮಾತಾಡುದನ್ನೂ ನಿಲ್ಲಿಸಿದೆ."

ಗಂಡ ನನ್ನ ಅಂಗಿಯ ಗುಂಡಿಯ ಮೇಲೆ ಕಣ್ಣು ನೆಟ್ಟರು. ಆಮೇಲೆ ಗುಂಡಿಗೇ ಹೇಳಿದರು. "ಅವಳು ಇನ್ನೊಂದು ಗಳಿಗೆ ಅತ್ತಿದ್ದರೆ ನಾನೂ ಅಲ್ಲಿಯೇ ಅಳ್ತಿದ್ದೆ ಅಂತ ಹೇಳಿ. ದಿಬ್ಬಣದವರ ಎದುರು ಹೇಗೆ ಅಳುದು? ದಿಬ್ಬಣ ಹೋದ ಮೇಲೆ ಹಟ್ಟಿಗೆ ಹೋಗಿ ಅತ್ತೆ. ಎಮ್ಮೆಗೆ ಗೊತ್ತುಂಟು."

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡರು. "ಎಮ್ಮೆ ಅದನ್ನು ನನಗೆ ಹೇಳಲಿಲ್ಲ" ಎಂದರು.

ಅಂಥ ಹೊತ್ತಿನಲ್ಲಿ ಸುಮ್ಮನಿರಬೇಕೆಂದು ನನಗೆ ಗೊತ್ತಿತ್ತು. ಆದರೂ ಹೆಂಡತಿಯ ಕಡೆ ತಿರುಗಿ, ನೋಡಿ ಅಮ್ಮ, ಅವರು ಹೇಳಿದ್ದರ ಅರ್ಥ ಏನೆಂದರೆ ಎಂದು ಬಾಯಿ ತೆರೆದೇಬಿಟ್ಟೆ.

ಗಂಡ ಬೆಂಚಿನಿಂದ ಎದ್ದರು. ನನ್ನನ್ನು ದಾಟಿ ಆಚೆ ತುದಿಗೆ ಹೋಗಿ ಹೆಂಡತಿಯ ಎದುರು ನಿಂತರು.

"ಏಳು, ಮನೆಗೆ ಹೋಗುವ. ಇವರಿಂದ ಇದು ಆಗುದಿಲ್ಲ ಮಾರಾಯ್ತಿ."

"ಹೌದು" ಎಂದು ಅವರೂ ನೇರವಾಗಿ ಗಂಡನ ಮುಖ ನೋಡಿಯೇ ಹೇಳಿದರು. "ಪಾಪ, ಎಮ್ಮೆಯಷ್ಟು ಬರುದಿಲ್ಲ ಇವರಿಗೆ."