ಅತ್ತೆಯ ತಲೆಯೊಳಗಿನ ಬಳೆ

ನಮ್ಮ ಸೋದರತ್ತೆಯ ತಲೆಯಲ್ಲಿ ಏನೋ ಒಂದು ಕಡಿಮೆ ಇದೆ ಎಂದು ಬಳಗದವರು ಮೂವತ್ತು ವರ್ಷಗಳಿಂದ ಹೇಳುತ್ತಲೇ ಬಂದಿದ್ದರು. ಹೋದ ತಿಂಗಳು ಅದಕ್ಕೆ ಫೋಟೋ ಸಮೇತ ಪುರಾವೆ ಸಿಕ್ಕಿತು! ಸುಳ್ಳಲ್ಲ, ಆ ಫೋಟೋ ಈಗಲೂ ನಮ್ಮ ಮನೆಯ ಕಪಾಟಿನಲ್ಲಿದೆ.

ಅತ್ತೆಗೆ ಗೋವೆಯ ಮಡಗಾಂವ್ ಪೇಟೆಯಲ್ಲಿ ಬಳೆ ಅಂಗಡಿ. ಬೆಳಗಾವಿಯಿಂದ ಮದುವೆಯಾಗಿ ಬಂದ ಮರುವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕೂತವಳು ಇನ್ನೂ ಎದ್ದಿಲ್ಲ. ಆಕೆಯ ಹುಚ್ಚು ಒಂದೇ: ಕಣ್ಣಿಗೆ ಬಿದ್ದದ್ದೆಲ್ಲ ಎಡ ಬಲ ಸಮ ಇರಬೇಕು. ಬಾಗಿಲ ಪರದೆ ಒಂದು ನೂಲು ಮೇಲೆ ಹೋದರೂ ಆಕೆಗೆ ಊಟ ಸೇರದು. ನೆಂಟರ ಮನೆಗೆ ಹೋದರೆ ಮೊದಲು ಗೋಡೆಯ ಫೋಟೋ ನೆಟ್ಟಗೆ ಮಾಡಿ, ಆಮೇಲೆ ಕ್ಷೇಮ ವಿಚಾರಿಸುತ್ತಾಳೆ. ಒಂದು ಮದುವೆಯಲ್ಲಂತೂ ವರನ ಮೀಸೆ ಎಡಗಡೆ ಉದ್ದವಾಗಿದೆ ಎಂದು ಅಕ್ಷತೆ ತಡೆದು ಕತ್ತರಿ ತರಿಸಿದ್ದಳು! ಇಂಥವಳು ತಾನು ಮಾತ್ರ ಬಲಕ್ಕೆ ತುಸು ವಾಲಿ ನಡೆಯುತ್ತಾಳೆ. ಹೇಳುವ ಧೈರ್ಯ ಯಾರಿಗಿದೆ?

ನನ್ನ ಎಡಗಾಲು ಹುಟ್ಟಿನಿಂದಲೇ ಒಂದು ಬೆರಳು ದಪ್ಪದಷ್ಟು ಗಿಡ್ಡ. ಎಡ ಚಪ್ಪಲಿಗೆ ಇನ್ನೊಂದು ಅಟ್ಟೆ ಹಚ್ಚಿಸಿ ನಡೆಯುತ್ತೇನೆ. ಪ್ರತಿ ದೀಪಾವಳಿಗೆ ಅತ್ತೆಯೇ ಪೇಟೆಯಲ್ಲಿ ಹೇಳಿ ಮಾಡಿಸಿ ಕೊಡುತ್ತಾಳೆ. ಪರದೆಯ ಒಂದು ನೂಲು ಸಹಿಸದವಳು ಈ ಕಾಲಿನ ಬಗ್ಗೆ ಎಂದೂ ಒಂದು ಮಾತೂ ಆಡಿಲ್ಲ.

ಫೋಟೋದ ಕಥೆ ಹೇಳುತ್ತೇನೆ. ಅತ್ತೆಯ ಗಿರಾಕಿಗಳಲ್ಲಿ ಕಾಣಕೋಣದ ಡಾಕ್ಟರ್ ಬಾಯಿ ಒಬ್ಬರಿದ್ದಾರೆ. ಆರೋಗ್ಯವಾಗಿರುವವರ ಮೆದುಳಿನ ರಕ್ತನಾಳಗಳು ಒಬ್ಬರಿಂದ ಒಬ್ಬರಿಗೆ ಹೇಗೆ ಬೇರೆಯಾಗಿರುತ್ತವೆ ಎಂದು ಸ್ಕ್ಯಾನ್ ಮಾಡಿ ನೋಡುವ ಕೆಲಸ ಅವರದು. ಅದಕ್ಕೆ ಜನ ಬೇಕಾಗಿದ್ದಾರೆ ಎಂದು ಅವರು ಅಂಗಡಿಯಲ್ಲಿ ಹೇಳಿದ್ದೇ ತಡ, ಅತ್ತೆ ಮುಂದೆ ಬಂದಳು.

"ನಂದ ತಗೀರಿ. ಎಡಾ ಬಲಾ ಸಮ ಇರೂ ತಲಿ ನಿಮಗ ಬ್ಯಾರೆ ಎಲ್ಲೂ ಸಿಗಂಗಿಲ್ಲ."

ಆಸ್ಪತ್ರೆಯಲ್ಲಿ ಒಡವೆಯ ಜೊತೆ ಜರಿ ಹಚ್ಚಿದ ಬಳೆಗಳನ್ನೂ ತೆಗೆಯಬೇಕೆಂದರು. ಮುತ್ತೈದೆ ಬರಿಗೈಯಲ್ಲಿ ಮಲಗುವುದೇ! ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಎರಡೂ ಮಣಿಕಟ್ಟಿಗೆ ಅರಿಸಿನದ ದಾರ, ಅದೂ ಲೆಕ್ಕ ಹಾಕಿ ಐದೈದು ಸುತ್ತು, ಕಟ್ಟಿಕೊಂಡೇ ಒಳಗೆ ಹೋದಳು. ಹೊರಗೆ ಬಂದ ಮೇಲೆ, ಮಷೀನು ಎಡಗಿವಿಯ ಕಡೆ ಜಾಸ್ತಿ ಬಡಿಯುತ್ತದೆ, ರಿಪೇರಿ ಮಾಡಿಸಿ ಎಂದು ಅವರಿಗೇ ಬುದ್ಧಿ ಹೇಳಿದಳು.

ವಾರದ ಮೇಲೆ ಡಾಕ್ಟರ್ ಬಾಯಿ ಫೋಟೋ ಹಿಡಿದು ಅಂಗಡಿಗೆ ಬಂದರು. ನಾನೂ ಅಲ್ಲೇ ಇದ್ದೆ. ಮೆದುಳಿನ ತಳದಲ್ಲಿ ರಕ್ತನಾಳಗಳು ಬಳೆಯ ಹಾಗೆ ಒಂದು ಸುತ್ತು ಕೂಡಿಕೊಂಡಿರುತ್ತವಂತೆ. ಅತ್ತೆಯ ಬಳೆಯಲ್ಲಿ ಬಲಗಡೆ ಒಂದು ಸಣ್ಣ ತುಂಡು ಕಾಣುವುದಿಲ್ಲವಂತೆ. ಇದು ರೋಗವಲ್ಲ, ಹುಟ್ಟಿನಿಂದ ಬಂದದ್ದು, ಎಷ್ಟೋ ಜನರಿಗೆ ಹೀಗೇ ಇರುತ್ತದೆ, ರಕ್ತ ಬೇರೆ ದಾರಿಯಿಂದ ಹೋಗುತ್ತದೆ ಎಂದು ಅವರು ಸಮಾಧಾನವಾಗಿ ತಿಳಿಸಿದರು. ಅತ್ತೆ ಕೇಳಿಸಿಕೊಂಡದ್ದು ತುಂಡಿನವರೆಗೆ ಮಾತ್ರ. ಮುಖ ಬಿಳಿಚಿಕೊಂಡಿತು. ಫೋಟೋವನ್ನು ನನ್ನ ಕೈಗೆ ತುರುಕಿ, ಹೊತ್ತಲ್ಲದ ಹೊತ್ತಿನಲ್ಲಿ ಬಳೆಯ ಡಬ್ಬಿಗಳನ್ನು ಮುಚ್ಚತೊಡಗಿದಳು!

ಆಕೆಯ ಅಂಗಡಿಯಲ್ಲಿ ಬಳೆ 'ಒಡೆಯಿತು' ಎಂದರೆ ಅಪಶಕುನ, ಹಾಗೆನ್ನುವಂತಿಲ್ಲ, 'ಹೆಚ್ಚಾಯಿತು' ಎನ್ನಬೇಕು. ಅಂಥವಳ ತಲೆಯೊಳಗೇ ಒಡೆದ ಬಳೆ ಎಂದರೆ ಹೇಗಾಗಬೇಡ? ಮರುದಿನದಿಂದ ಆಕೆ ಯಾರ ಕೈಗೂ ಬಳೆ ತೊಡಿಸಲಿಲ್ಲ. ಡಬ್ಬಿ ಮುಂದಿಟ್ಟು, ನೀವೇ ಹಾಕಿಕೊಳ್ಳಿ ಎನ್ನುತ್ತಿದ್ದಳು. ಗುಡ್ಡದ ಮೇಲಿನ ಕೇರಿಯಾದ ಮೋತಿ ಡೊಂಗರ್‌ನಿಂದ ಈಕೆಯ ಕೈಗುಣ ನಂಬಿ ಬರುವ ಹೆಂಗಸರು ಮಿಕಿಮಿಕಿ ನೋಡಿದರು.

ನನಗೆ ಆಗ ಏಳನೆಯ ತಿಂಗಳು. ಬಸುರಿಗೆ ಹಸಿರು ಬಳೆ ತೊಡಿಸುವ ಕುಬಸಕ್ಕೆ ಇನ್ನು ಹದಿನೈದು ದಿನ. ಆ ಬಳೆ ಅತ್ತೆಯ ಕೈಯಿಂದಲೇ ಎಂದು ನಾನು ಯಾವಾಗಲೋ ನಿಶ್ಚಯಿಸಿದ್ದೆ. ಹೋಗಿ ಕೇಳಿದೆ.

"ಒಡದ ಬಳಿ ಹೊತ್ತಾಕಿ ನಾ. ನಿನ್ನ ಕೈ ಮುಟ್ಟಂಗಿಲ್ಲ. ಕೂಸಿಗೆ ಏನರ ಆದ್ರ?" ಎಂದಳು.

ಅಂಗಡಿಯಲ್ಲಿ ಯಾರೂ ಆಡಬಾರದ ಆ 'ಒಡೆದ' ಎಂಬ ಮಾತು ಆಕೆಯ ಬಾಯಿಂದಲೇ ಬಂತು. ಕೂಸಿನ ಕಾಲೂ ನನ್ನ ಕಾಲಿನ ಹಾಗೇ ಆದರೆ ಎಂಬ ಹೆದರಿಕೆ ನನಗೆ ಮೊದಲೇ ಇತ್ತು. ಗಂಡನ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಈಗ ಅತ್ತೆಯೂ ಕೈ ಬಿಟ್ಟರೆ?

ಕುಬಸದ ದಿನ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಪರಕೀಯಳಂತೆ ನಿಂತಳು. ಅತ್ತೆಯ ಅಣ್ಣನ ಹೆಂಡತಿ, ನಮ್ಮ ದೊಡ್ಡವ್ವ, ಬಳೆ ತೊಡಿಸಲು ಕೂತರು. ಎಡಗೈಗೆ ಸರಾಗವಾಗಿ ಹೋದವು. ಬಲಗೈಯಲ್ಲಿ ಗೆಣ್ಣಿನ ಹತ್ತಿರ ಸಿಕ್ಕಿಕೊಂಡವು. ದೊಡ್ಡವ್ವ ಒತ್ತಿದರು. ನಾನು ಹಲ್ಲು ಕಚ್ಚಿದೆ. ಇನ್ನೇನು ಬಳೆ ಚೂರಾಗಬೇಕು, ಬಾಗಿಲಿಂದ ಅತ್ತೆಯ ಧ್ವನಿ ಬಂತು.

"ತಡೀರಿ ವೈನಿ, ಒತ್ತಬ್ಯಾಡ್ರಿ. ಆ ಕೈಗೆ ಎರಡು-ನಾಲ್ಕು ಹಿಡಿಯಂಗಿಲ್ಲ, ಎರಡು-ಆರು ಬೇಕು."

ಅಳತೆ ಹೇಳಿದ್ದಷ್ಟೇ ಅಲ್ಲ, ಆ ಅಳತೆಯ ಹಸಿರು ಬಳೆಗಳು ಆಕೆಯ ಚೀಲದಲ್ಲೇ ಇದ್ದವು! ಬಂದು ಕೂತು, ನನ್ನ ಕೈ ಹಿಸುಕಿ ಮೆತ್ತಗೆ ಮಾಡಿ, ಹೆಂಗಸರ ಹಾಡು ಮುಗಿಯುವುದರೊಳಗೆ ತೊಡಿಸಿಬಿಟ್ಟಳು. ಹಾಗಾದರೆ ನನ್ನ ಎರಡು ಕೈಗಳ ಅಳತೆ ಬೇರೆ ಬೇರೆಯೇ ಎಂದು ನಾನು ಬೆರಗಾಗಿ ಕೇಳಿದೆ.

"ಎಲ್ಲಾರವೂ ಹಂಗ. ಹೇಳಿದ್ರ ಮನಸ್ಸಿಗೆ ಹಚ್ಚಿಕೊಂತಾರಂತ ಹೇಳಂಗಿಲ್ಲ. ಎರಡು ಅಳತಿ ಡಬ್ಬಿ ಬಿಚ್ಚಿ ಕೂಡಿಸಿ ಹಾಕತೇನಿ."

ಕುಬಸಕ್ಕೆ ಬಂದು ಕೋಸಂಬರಿ ತಿನ್ನುತ್ತಿದ್ದ ಡಾಕ್ಟರ್ ಬಾಯಿ ನಕ್ಕರು. ತಾವು ಅಂದು ಹೇಳಿದ್ದೂ ಇದನ್ನೇ, ಪುಸ್ತಕದ ಚಿತ್ರದ ಹಾಗೆ ಪೂರಾ ಬಳೆ ಇರುವವರೇ ಕಡಿಮೆ, ತಮ್ಮ ತಲೆಯ ಬಳೆಯಲ್ಲೂ ಎರಡು ಕಡೆ ತುಂಡಿಲ್ಲ ಎಂದರು. ಅತ್ತೆ ಅವರ ಹಣೆಯನ್ನು ಎಡದಿಂದ ಬಲಕ್ಕೆ ಅಳೆದು ನೋಡಿದಳು.

"ಇದನ್ನ ಅವತ್ತ ಬಿಡಿಸಿ ಹೇಳಬಾರದೇನ್ರಿ?" ಎಂದು ಅವರನ್ನೇ ಗದರಿಸಿದಳು!

ಡಾಕ್ಟರ್ ಬಾಯಿಯನ್ನು ಕಳಿಸಲು ಹೊರಗೆ ಬಂದೆ. ಹೊಟ್ಟೆಯಿಂದಾಗಿ ಪಾದ ಕಾಣುವುದಿಲ್ಲ, ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿ ಗೇಟಿನವರೆಗೆ ನಡೆದೆ. ಅಲ್ಲಿ ಹೇಗೋ ಬಗ್ಗಿ ನೋಡಿದರೆ ಪಟ್ಟಿಯ ಬಣ್ಣವೇ ಬೇರೆ. ಅವು ನನ್ನವಲ್ಲ, ಅತ್ತೆಯವು. ಆದರೂ ನಾನು ಕುಂಟಿರಲಿಲ್ಲ! ಎಡಗಾಲಿನದನ್ನು ಬಿಚ್ಚಿ ಕೈಯಲ್ಲಿ ಹಿಡಿದೆ. ಒಂದು ಬೆರಳು ದಪ್ಪದ ಹೆಚ್ಚಿನ ಅಟ್ಟೆ.

ಐದು ವರ್ಷದವಳಿದ್ದಾಗ, ನನ್ನ ಒಂದೇ ಚಪ್ಪಲಿ ಯಾಕೆ ದಪ್ಪ ಎಂದು ಅತ್ತು ರಂಪ ಮಾಡಿದ್ದೆ. ಅತ್ತೆ ತನ್ನ ಪಾದ ಎತ್ತಿ ತೋರಿಸಿ, ಎಡಗಾಲಿನ ಚಪ್ಪಲಿ ಎಂದರೆ ಹೀಗೇ ಇರುತ್ತದೆ, ನೋಡು ಎಂದಿದ್ದಳು. ನಾನು ನಂಬಿದ್ದೆ. ದೊಡ್ಡವಳಾಗಿ ನಿಜ ತಿಳಿಯಿತು, ಆ ಮಾತು ಮರೆತೂ ಹೋಯಿತು. ಆಕೆ ಮಾತ್ರ ಇಷ್ಟು ವರ್ಷ ಅದನ್ನೇ ಮೆಟ್ಟಿಕೊಂಡು ವಾಲಿ ನಡೆದಿದ್ದಾಳೆ. ನನಗೆ ಅಳು ತಡೆಯಲಾಗಲಿಲ್ಲ.

ಅತ್ತೆ ಆಗಲೇ ನನ್ನ ಚಪ್ಪಲಿ ಮೆಟ್ಟಿಕೊಂಡು, ಬಲಕ್ಕೆ ವಾಲುತ್ತ ಗೇಟಿಗೆ ಬಂದಿದ್ದಳು. ನನ್ನ ಕೈಯಲ್ಲಿದ್ದುದನ್ನು ನೋಡಿದಳು, ಕಣ್ಣು ನೋಡಿದಳು. ಚಪ್ಪಲಿ ಕಸಿದುಕೊಂಡು, ಬಗ್ಗಿ ನನ್ನ ಎಡಗಾಲಿಗೆ ತಾನೇ ತೊಡಿಸಿದಳು.

"ಅಳಬ್ಯಾಡ. ಕೂಸಿಗೂ ಹಿಂಥಾದ್ದ ಬೇಕಾತಂದ್ರ ಇನ್ನೊಂದು ಜೋಡಿ ಮಾಡಸೂಣು. ನಾವು ಮೂರೂ ಮಂದಿ ಒಂದ ನಮೂನಿ ಹಾಕ್ಕೊಳ್ಳೂಣು."